ಕ್ಯಾರಿಬೂ ಬೇಟೆಗೆ ಹೊರಟ ನಮ್ಮ ಕಾಕಾ

ಬೈಲಹೊಂಗಲದಲ್ಲಿರುವ ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ಸೊಳ್ಳೆಯನ್ನೂ ಹೊಡೆದವರಲ್ಲ. ಅಂಥವರು ಮೊನ್ನೆ ಮೊನ್ನೆ ಬೇಟೆಗೆ ಹೊರಟಿದ್ದರು ಅಂದರೆ ನೀವು ನಂಬಲೇಬೇಕು. ಅದೂ ಎಲ್ಲಿಗೆ? ಅಲಾಸ್ಕಾಕ್ಕೆ!

ಮನೆಯಲ್ಲಿ ಇಲಿ ಬೋನಿಗೆ ಬಿದ್ದರೆ ಕಾಕಾ ಬೋನನ್ನು ಸೈಕಲ್ಲಿಗೆ ಕಟ್ಟಿಕೊಂಡು, ಮುರಗೋಡದ ರಸ್ತೆ ಹಿಡಿದು, ಹೊಲದ ಬದುವಿನಲ್ಲಿ ಬಿಟ್ಟು ಬರುತ್ತಾರೆ. ಇವರು ಮನೆ ಮುಟ್ಟುವುದರೊಳಗೆ ಇಲಿಯೂ ಬಂದು ಮುಟ್ಟಿರುತ್ತದೆ ಅನ್ನುವುದು ಅವರ ಹೆಂಡತಿ, ನಮ್ಮ ಕಾಕೂನ ದೂರು.

ಇಂಥ ಮನುಷ್ಯರಿಗೆ ಬೇಟೆಗಾರ ಗೆಳೆಯ ಸಿಕ್ಕಿದ್ದು ದೇಗಾಂವದ ಗುಡಿಯಲ್ಲಿ. ಕಾಕಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕೇಳುವ ಕಿವಿಗಳಿಲ್ಲದೆ ಇಂಗ್ಲಿಷು ಒಳಗೇ ಉಳಿದು ಒದ್ದಾಡುತ್ತಿತ್ತು. ಹೀಗಿರುವಾಗ ಗುಡಿಯ ಕೆತ್ತನೆ ನೋಡಲು ಬಂದ ಬಿಳಿ ಗಡ್ಡದ ಅಮೆರಿಕದ ಸಾಹೇಬರೊಬ್ಬರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತದ್ದು ಕಣ್ಣಿಗೆ ಬಿತ್ತು. ಬಿಡುತ್ತಾರೆಯೇ? ಮನೆಗೇ ಕರೆತಂದರು. ಹೊಟ್ಟೆ ನೆಟ್ಟಗಾಗುವ ತನಕ ಸಾಹೇಬರು ಕಾಕೂ ಕೊಟ್ಟ ಗಂಜಿ, ಮಜ್ಜಿಗೆ ಕುಡಿದು ನಡುಮನೆಯಲ್ಲಿ ಮಲಗಿದರು. ಕಾಕಾ ಪಕ್ಕದಲ್ಲಿ ಕೂತು ಎಡೆಬಿಡದೆ ಇಂಗ್ಲಿಷ್ ಮಾತಾಡಿದರು. ಆದರೂ ಆ ಸಾಹೇಬರು ಬದುಕಿ ಉಳಿದರು! ಅಂದಿನಿಂದ ರವಿವಾರ ಬೆಳಿಗ್ಗೆ ಇಬ್ಬರದೂ ವಿಡಿಯೊ ಕಾಲ್ ತಪ್ಪಿದ್ದಿಲ್ಲ.

ಸಾಹೇಬರು ಇರುವುದು ಅಲಾಸ್ಕಾದ ಒಂದು ಪಟ್ಟಣದಲ್ಲಿ. ತಮ್ಮನನ್ನು ಕರೆದುಕೊಂಡು ಅವರು ಉತ್ತರದ ಬಯಲಿಗೆ ಕ್ಯಾರಿಬೂ ಬೇಟೆಗೆ ಹೋಗುತ್ತಿದ್ದರಂತೆ. ಕ್ಯಾರಿಬೂ ಅಂದರೆ ತಲೆಯ ಮೇಲೆ ಒಣಗಿದ ಜಾಲಿಗಿಡ ಹೊತ್ತುಕೊಂಡಂಥ ದೊಡ್ಡ ಜಿಂಕೆ. ಅಲ್ಲಿಗೆ ರಸ್ತೆಯೇ ಇಲ್ಲ. ಪುಟ್ಟ ವಿಮಾನವೊಂದು ಹೊಳೆಯ ಮರಳಿನ ಮೇಲೆ ಇಳಿಸಿ ಹೋಗಿಬಿಡುತ್ತದೆ, ಹೇಳಿದ ದಿನ ಬಂದು ಒಯ್ಯುತ್ತದೆ. ತಮ್ಮ ತೀರಿಕೊಂಡ ಮೇಲೆ ಸಾಹೇಬರು ಆ ಕಡೆ ಹೋಗಿರಲಿಲ್ಲ. ಮೊಣಕಾಲು ಪೂರಾ ಕೈಕೊಡುವ ಮೊದಲು ಇನ್ನೊಮ್ಮೆ ಆ ಹೊಳೆಯ ತಿರುವಿಗೆ ಹೋಗಿಬರಬೇಕೆಂದು ಬಹಳ ಮೊದಲೇ ವಿಮಾನ ಬುಕ್ ಮಾಡಿಟ್ಟಿದ್ದರು. ಜೊತೆಗೆ ಯಾರು ಅಂತ ಕಾಕಾ ಕೇಳಿದರು. ಯಾರೂ ಇಲ್ಲವೆಂದು ಉತ್ತರ ಬಂತು. ಹಿಂದೆಮುಂದೆ ನೋಡದೆ ತಾವು ಬರುವುದಾಗಿ ಹೇಳಿಬಿಟ್ಟರು ಕಾಕಾ.

ಫೋನು ಇಟ್ಟ ಮೇಲೆ ಕಾಕೂ ಕೇಳಿದರು, "ಅವ್ರು ಗುಂಡು ಹೊಡಿಯೂ ಮುಂದ ನೀವೇನು ಮಾಡ್ತೀರಿ?"

"ಕಣ್ಣು ಮುಚ್ಚತೇನಿ" ಅಂದರು ಕಾಕಾ.

ತಯಾರಿ ಶುರುವಾಯಿತು. ನಮ್ಮೂರಲ್ಲಾದರೆ ಎಲ್ಲರೂ ಕೇಳುತ್ತಾರೆಂದು ಕಾಕಾ ಬಸ್ಸು ಹತ್ತಿ ಕಿತ್ತೂರಿಗೆ ಹೋಗಿ, ಭಾರ ಹೊರುವ ರೂಢಿಗೆಂದು ಬೆನ್ನಿಗೆ ಜೋಳದ ಚೀಲ ಕಟ್ಟಿಕೊಂಡು ಕೋಟೆಯ ಸುತ್ತ ನಡೆಯತೊಡಗಿದರು. ಅಲ್ಲಿಯೂ ಹಳೆಯ ವಿದ್ಯಾರ್ಥಿಯೊಬ್ಬ ಗಂಟುಬಿದ್ದ. ಸರ್ ಮನೆ ಬದಲಿಸುತ್ತಿದ್ದಾರೆಂದು ತಿಳಿದು ಸಾಮಾನಿನ ಟಂಟಂ ಗಾಡಿ ಕರೆಯಲೇ ಎಂದು ಕೇಳಿದನಂತೆ. ಪುಟ್ಟ ವಿಮಾನದವರು ಸಾಮಾನಿನ ಜೊತೆ ಮನುಷ್ಯರನ್ನೂ ತೂಗುತ್ತಾರೆ ಎಂಬ ಸುದ್ದಿ ಬಂದ ಮರುದಿನ ಕಾಕಾ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಂದಿಗೆ ಅಡತಿ ಅಂಗಡಿಯ ತಕ್ಕಡಿ ಏರಿದರು. ಹತ್ತಿ ತೂಗಲು ಬಂದ ರೈತರು ಸರತಿಯಲ್ಲಿ ಕಾದು ನಿಂತಿದ್ದರು.

ಪಾಸ್‌ಪೋರ್ಟೂ ಬಂತು. ಆಮೇಲೆ ಬಂತು ನೋಡಿ ಸುದ್ದಿ. ಆ ಭಾಗದ ಸಾರ್ವಜನಿಕ ಜಮೀನಿನಲ್ಲಿ ಹೊರಗಿನವರು ಕ್ಯಾರಿಬೂ ಬೇಟೆಯಾಡುವುದು ಬಂದ್. ಆಡಬಹುದಾದವರು ಅಲ್ಲಿಯ ಹಳ್ಳಿಗಳವರು ಮಾತ್ರ.

ಕಾಕಾನ ತಲೆ ಗಿರ್ರೆಂದಿತು. ಸಾರ್ವಜನಿಕರಿಗೆ ಬಂದಾದ ಜಮೀನು ಸಾರ್ವಜನಿಕ ಹೇಗಾಗುತ್ತದೆ? ಅದೇ ರಾಜ್ಯದಲ್ಲಿ ಹುಟ್ಟಿ ಬೆಳೆದ ಸಾಹೇಬರು ಹೊರಗಿನವರು ಹೇಗಾಗುತ್ತಾರೆ? ರೊಟ್ಟಿ ಬಡಿಯುತ್ತಿದ್ದ ಕಾಕೂ ತಲೆ ಎತ್ತಲಿಲ್ಲ. "ನಾ ಲಗ್ನಾ ಆಗಿ ಬಂದು ಕೂದಲಾ ಬೆಳ್ಳಗಾದ್ವು. ಇನ್ನೂ ನಿಮ್ಮ ಮನ್ಯಾಗ ನನ್ನ ರಾಮದುರ್ಗದಾಕಿ ಅಂತಾರ. ಹಂಗ."

ಅದು ತಿಳಿಯುವಷ್ಟರಲ್ಲಿ ಇನ್ನೊಂದು ತೊಡಕು. ಈ ನಿಯಮ ದೇಶದ ಸರಕಾರದ್ದು, ಹೊಳೆ ಆಚೀಚೆಯ ಜಮೀನೂ ಅದರದ್ದೇ, ಆದರೆ ಹೊಳೆಯ ಪಾತ್ರ ರಾಜ್ಯದ್ದು. ಆದ್ದರಿಂದ ನೀರು ತುಂಬಿದಾಗ ಮುಟ್ಟುವ ಗೆರೆಯ ಕೆಳಗೆ ಬೇಟೆ ನಡೆಯುತ್ತದೆ, ಗೆರೆಯ ಮೇಲೆ ನಡೆಯುವುದಿಲ್ಲ. ನನಗಂತೂ ಒಂದಕ್ಷರ ತಿಳಿಯಲಿಲ್ಲ. ರಾಮದುರ್ಗಕ್ಕೆ ಹೊರಟಾಗ ಕಾಕಾ ಮಲಪ್ರಭೆಯ ಹತ್ತಿರ ಕಾರು ನಿಲ್ಲಿಸಿಯೇ ಬಿಟ್ಟರು. ತಾವು ಮರಳಿಗಿಳಿದು ಕೊಡೆಯನ್ನು ಬಂದೂಕಿನಂತೆ ಹಿಡಿದರು. ಕ್ಯಾರಿಬೂ ಆಗುವ ಭಾಗ್ಯ ಕಾಕೂನದು. ಇಳಕಲ್ ಸೀರೆಯ ಕ್ಯಾರಿಬೂ ದಂಡೆಯ ಮೇಲೆ ನಿಂತಿತು.

"ಒಂದು ಹೆಜ್ಜಿ ಕೆಳಗ ಬಾ. ಈಗ ಹೊಡೀಬಹುದು. ಹಿಂದ ಸರಿ. ಈಗ ಹೊಡಿಯೂಹಂಗಿಲ್ಲ."

"ಗುಂಡು ಬಡದ ಮ್ಯಾಲೆ ನಾ ಓಡಿ ದಂಡಿ ಏರಿ ಸತ್ರ?" ಅಂದರು ಕಾಕೂ.

ಕಾಕಾ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಕಾರು ಹತ್ತಿದರು. ಮುಂದಿನ ರವಿವಾರ ಸಾಹೇಬರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ! ಬಣ್ಣಬಣ್ಣದ ನಕಾಶೆ ಹರವಿಕೊಂಡು ಕೂತು ಅವರೂ ಸುಸ್ತಾಗಿದ್ದರು.

ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಹಿಂಡು ಕರಗುತ್ತಿದೆ, ಅಲ್ಲಿಯ ಹಳ್ಳಿಯವರಿಗೆ ಚಳಿಗಾಲಕ್ಕೆ ಆ ಮಾಂಸವೇ ಆಧಾರ, ಅವರಿಗೆ ಮೊದಲು ಸಿಗಲಿ ಅಂತ ಸಾಹೇಬರೇ ಹೇಳಿದರು. ವಿಮಾನ ರದ್ದು ಮಾಡುತ್ತೇನೆ ಅಂದರು. ಕಾಕಾಗೆ ಕಾನೂನು ಸರಿಯೆನಿಸಿತು, ಆದರೆ ಎರಡು ರೊಟ್ಟಿ ತಿನ್ನುವವರು ಅರ್ಧಕ್ಕೆ ಎದ್ದರು. ಒಂದು ವಾರ ಮನೆಯಲ್ಲಿ ಮಾತೇ ಇಲ್ಲ. ಇಂಗ್ಲಿಷಿನಲ್ಲಂತೂ ಮೊದಲೇ ಇಲ್ಲ.

ರವಿವಾರ ಮತ್ತೆ ಕಾಲ್ ಬಂತು. ಕಾಕಾ ಇನ್ನೂ ಗೊಂದಲದಲ್ಲೇ ಇದ್ದರು. ಶಾಲೆಯಲ್ಲಿ ದಡ್ಡ ಹುಡುಗರು ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದರು. ಬಂದ್ ಆಗಿರುವುದು ಜಮೀನೋ, ಬೇಟೆಯೋ?

ನೆಟ್‌ವರ್ಕ್ ಹೋಯಿತೆಂದು ಕಾಕಾ ಫೋನನ್ನು ಅಲುಗಾಡಿಸಿದರು. ನೆಟ್‌ವರ್ಕ್ ಇತ್ತು. ಸಾಹೇಬರು ಗಡ್ಡ ಸವರಿಕೊಳ್ಳುತ್ತಿದ್ದರು. ಬೇಟೆ ಮಾತ್ರ ಅಂದರು ಮೆಲ್ಲಗೆ.

ವಿಮಾನ ರದ್ದಾಗಲಿಲ್ಲ. ಆದರೆ ವೀಸಾ ಸಂದರ್ಶನಕ್ಕೆ ಕಾಕಾಗೆ ತಾರೀಖು ಸಿಕ್ಕಿದ್ದು ವಿಮಾನದ ದಿನ ದಾಟಿ, ಅಲ್ಲಿ ಹಿಮ ಬೀಳುವ ಕಾಲಕ್ಕೆ. ಸಾಹೇಬರು ಬಂದೂಕು ಮನೆಯಲ್ಲಿಟ್ಟು ಒಬ್ಬರೇ ಹೋದರು. ತಿರುಗಿ ಬಂದ ಮೇಲೆ ಒಂದು ವಿಡಿಯೊ ಕಳಿಸಿದರು.

ನಾವು ಮೂವರೂ ನೋಡಿದೆವು. ಹೊಳೆಯ ಮರಳಿನಲ್ಲಿ ಎರಡು ಮಡಚುವ ಕುರ್ಚಿಗಳು. ಒಂದರಲ್ಲಿ ಸಾಹೇಬರು. ಖಾಲಿ ಕುರ್ಚಿ ತಮ್ಮನದಿರಬೇಕು ಅಂದರು ಕಾಕೂ ಸಣ್ಣ ದನಿಯಲ್ಲಿ. ಎದುರಿಗೆ ಕ್ಯಾರಿಬೂ ಹಿಂಡು ನೀರು ದಾಟಿ ಬರುತ್ತಿತ್ತು. ನಡೆಯುವಾಗ ಅವುಗಳ ಕಾಲ ಗಂಟುಗಳಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ, ಅದೂ ಕೇಳಿಸಿತು. ಹಿಂಡು ಪೂರ್ತಿ ದಾಟಿದ ಮೇಲೆ ಸಾಹೇಬರು ನಮ್ಮ ಕಡೆ ತಿರುಗಿ, ಖಾಲಿ ಕುರ್ಚಿಯನ್ನು ಕೈಯಿಂದ ತಟ್ಟಿದರು.

"ಬರ್ರಿ, ಕೂಡ್ರಿ" ಅಂದರು.

ಮನೆಗೆ ಯಾರೇ ಬಂದರೂ ಕಾಕೂ ಹೇಳುವ ಮಾತದು. ನಡುಮನೆಯಲ್ಲಿ ಮಲಗಿದ್ದಾಗ ಕಿವಿಗೆ ಬಿದ್ದಿರಬೇಕು. ಅಲ್ಲಿಯ ತನಕ ನಿಂತೇ ನೋಡುತ್ತಿದ್ದ ಕಾಕಾ ಸ್ಟೂಲನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು, ಧೋತರದ ತುದಿ ಸರಿಮಾಡಿಕೊಂಡು, ಗೆಳೆಯನ ಪಕ್ಕದಲ್ಲಿ ಕೂತರು.