ಕರೆಂಟು ಇದ್ದರೂ ತಿರುಗದ ಡ್ರೈಯರ್‌ಗಳು

ಬಟ್ಟೆ ಒಣಗಿಸುವ ಡ್ರೈಯರ್ ರಿಪೇರಿ ನನ್ನ ಕೆಲಸ. ಮಂಗಳೂರಿನಲ್ಲಿ ಮಳೆ ಹಿಡಿದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಮಿಷನ್ ಹಾಳಾಗುವುದು ನಾಲ್ಕಾರು ರೀತಿಯಲ್ಲಿ ಮಾತ್ರ. ಮನೆಗಳು ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

ನೋಡಿದರೆ ನಿಲ್ಲುವ ಮಿಷನ್

ಕೊಡಿಯಾಲ್‌ಬೈಲಿನ ಫ್ಲ್ಯಾಟೊಂದರಿಂದ ಒಬ್ಬರು ಅಮ್ಮ ಫೋನ್ ಮಾಡಿದರು. "ನಾನೊಬ್ಬಳೇ ಇರುವಾಗ ಸರಿಯಾಗಿ ತಿರುಗ್ತದೆ. ಇವರು ಹತ್ತಿರ ಬಂದ ಕೂಡಲೇ ನಿಲ್ತದೆ."

ಹೋಗಿ ಪ್ಲಗ್ಗು, ವಯರು ಎಲ್ಲ ನೋಡಿದೆ. ಫಾಲ್ಟ್ ಇಲ್ಲ. ಮಿಷನ್ ಶುರು ಮಾಡಿದೆ, ತಿರುಗಿತು. ಆಗ ರಿಟೈರಾಗಿ ಮನೆಯಲ್ಲೇ ಇದ್ದ ಯಜಮಾನರು ಬಂದು, ತಿರುಗುತ್ತದೋ ಇಲ್ಲವೋ ನೋಡಲು ಬಾಗಿಲು ತೆರೆದರು. ನಿಂತಿತು.

"ನೋಡಿದ್ರಾ?" ಎಂದರು ಯಜಮಾನರು.

"ಬಾಗಿಲು ತೆರೆದರೆ ಕರೆಂಟು ಕಟ್ಟಾಗ್ತದೆ ಸರ್. ಅದು ಸೇಫ್ಟಿಗೆ."

"ಬಾಗಿಲು ಹಾಕಿದ್ರೆ ಒಳಗೆ ತಿರುಗ್ತಾ ಉಂಟು ಅಂತ ನಂಬುವುದು ಹೇಗೆ?"

ಅಮ್ಮ ಅಡುಗೆಮನೆಯಿಂದಲೇ ಹೇಳಿದರು: "ಆಫೀಸಿನಲ್ಲಿ ನೀವು ಕೆಲಸ ಮಾಡ್ತಿದ್ರಿ ಅಂತ ನಾನು ನಂಬಿರಲಿಲ್ವಾ? ಹಾಗೆಯೇ."

ಸಂಜೆಯ ಫಾಲ್ಟ್

ನಂತೂರಿನ ಮನೆಯೊಂದರಲ್ಲಿ ಡ್ರೈಯರ್ ದಿನವೂ ಸಂಜೆ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಶುರುವಾಗುತ್ತಿತ್ತು. ಸೊಸೆಗೆ ತಲೆಕೆಟ್ಟಿತ್ತು. ಬಿಚ್ಚಿ ನೋಡಿದರೆ ಎಲ್ಲ ಸರಿ. ಕೊನೆಗೆ ಸಂಜೆಯವರೆಗೆ ಅಲ್ಲೇ ಕುಳಿತೆ.

ಡ್ರೈಯರಿನ ಗಡಗಡ ಸದ್ದಿನ ನಡುವೆ ಟಿವಿಯಿಂದ ಧಾರಾವಾಹಿಯ ಹಾಡು ಕೇಳಿಸಿತು. ಅತ್ತೆ ಎದ್ದು ಬಂದು, ಡ್ರೈಯರಿನ ಸ್ವಿಚ್ ಆಫ್ ಮಾಡಿ, ನನ್ನನ್ನು ನೋಡಿ, "ಎಂತ, ಚಾ ಕುಡಿದ್ರಾ?" ಎಂದು ಕೇಳಿ ಹೋಗಿ ಕುಳಿತರು. ಧಾರಾವಾಹಿ ಮುಗಿದ ಮೇಲೆ ಬಂದು ಆನ್ ಮಾಡಿದರು.

ಸೊಸೆ ಓಡಿಬಂದಳು. "ಫಾಲ್ಟ್ ಸಿಕ್ಕಿತಾ?"

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಸಂಜೆ ಈ ಮನೆಯಲ್ಲಿ ವೋಲ್ಟೇಜ್ ಸಾಲುವುದಿಲ್ಲ" ಎಂದೆ. "ಬೆಳಿಗ್ಗೆ ಹಾಕಿ."

ಗಲ್ಫಿನಿಂದ ಚೆಕಿಂಗ್

ಕಾಟಿಪಳ್ಳದ ಒಂದು ಮನೆಯಲ್ಲಿ ಹಸುಗೂಸಿತ್ತು. ಮಗುವಿನ ಒದ್ದೆ ಬಟ್ಟೆ ಕುರ್ಚಿ, ಕಿಟಕಿ, ಫ್ರಿಜ್ಜಿನ ಬಾಗಿಲು ಎಲ್ಲ ಕಡೆ ನೇತಾಡುತ್ತಿತ್ತು. ಡ್ರೈಯರ್ ಸತ್ತುಹೋಗಿತ್ತು. ಮಗುವಿನ ತಾಯಿ ಅಳುವುದೊಂದು ಬಾಕಿ.

ಗಂಡ ಗಲ್ಫಿನಲ್ಲಿದ್ದರು, ವಿಡಿಯೋ ಕಾಲಿನಲ್ಲಿ ಹಾಜರು. "ಮೋಟರ್ ಹೋಗಿದೆ ಮಾರಾಯ್ರೆ, ನನಗೆ ಗೊತ್ತುಂಟು."

ಹೋಗಿದ್ದು ಮೋಟರಲ್ಲ, ಬಿಸಿ ಹೆಚ್ಚಾದರೆ ಕರೆಂಟು ಕಡಿಯುವ ಸಣ್ಣ ಫ್ಯೂಸ್. ಹೊಸತು ಹಾಕಿ ಹಿಂದಿನ ಮುಚ್ಚಳ ಕೂರಿಸಿದೆ. ಅವರಿಗೆ ಸಮಾಧಾನವಿಲ್ಲ. "ಡ್ರಮ್ಮಿನ ಒಳಗೆ ತೋರಿಸಿ."

ಹೆಂಡತಿ ಫೋನನ್ನು ಡ್ರಮ್ಮಿನೊಳಗಿದ್ದ ಟವೆಲುಗಳ ಮೇಲೆ ಇಟ್ಟಳು. ಅಷ್ಟರಲ್ಲಿ ಮಗು ಅತ್ತಿತು, ಅವಳು ಒಳಗೆ ಓಡಿದಳು. ನಾನು ಬಗ್ಗಿ ಸ್ಕ್ರೂ ಹುಡುಕುತ್ತಿದ್ದೆ. ಗಂಡನ ತಾಯಿ, ಮನೆಯವರ ಉಮ್ಮ, ಬಂದರು, ಮಿಷನಿನ ಬಾಗಿಲು ತೆರೆದಿದ್ದು ಕಂಡು ಮುಚ್ಚಿದರು, ಬಟನ್ ಒತ್ತಿದರು.

ಡ್ರಮ್ಮು ತಿರುಗತೊಡಗಿತು. ಒಳಗಿಂದ ಸ್ವರ ಬಂತು: "ಉಮ್ಮಾ! ನಿಲ್ಲಿಸಿ!"

ಉಮ್ಮ ಮೊದಲು ಮನೆಯ ಬಾಗಿಲ ಕಡೆ ನೋಡಿದರು, ಆಮೇಲೆ ಮಿಷನಿನ ಹಿಂದೆ ಇಣುಕಿದರು. "ಇವನು ಯಾವಾಗ ಊರಿಗೆ ಬಂದದ್ದು?"

ನಾನು ಹಾರಿ ಬಾಗಿಲು ತೆರೆದೆ. ಟವೆಲು ಸುತ್ತಿಕೊಂಡಿದ್ದರಿಂದ ಫೋನಿಗೆ ಏನೂ ಆಗಿರಲಿಲ್ಲ. ವಿಡಿಯೋ ಕಾಲೂ ಕಟ್ಟಾಗಿರಲಿಲ್ಲ. ಸ್ಕ್ರೀನಿನಲ್ಲಿ ಅವರು ಕಣ್ಣುಮುಚ್ಚಿ, ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು ಕುಳಿತಿದ್ದರು. ನಿಧಾನಕ್ಕೆ ಕಣ್ಣುಬಿಟ್ಟು ಹೇಳಿದರು:

"ಮೋಟರ್ ಓಕೆ. ಬಿಸಿ ಮಾತ್ರ ನನಗೆ ಗೊತ್ತಾಗಲಿಲ್ಲ."