ಎತ್ತರದ ಚಿಮ್ನಿ, ಗಿಡ್ಡ ತಿದ್ದುಪಡಿ

ಗಂಡ: ಇವತ್ತು ಹೊಗೆಗೆ ತೆರಿಗೆ, ನಾಳೆ ಕೆಮ್ಮಿಗೆ ತೆರಿಗೆ! ನಾಡಿದ್ದು ಉಸಿರು ಬಿಟ್ಟಿದ್ದಕ್ಕೂ ರಸೀದಿ ಹರೀತೀಯೇನೇ?

ಹೆಂಡತಿ: ಹೊಗೆ ನಿಂತ್ರೆ ಕೆಮ್ಮೂ ನಿಲ್ಲುತ್ತೆ ರೀ. ಒಂದು ತೆರಿಗೆ ಕಟ್ಟಿ ಇನ್ನೊಂದು ಉಳಿಸಿದೆ ಅಂದ್ಕೊಳ್ಳಿ.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಾಯ್ಲರ್ ಗುರುಗುಡುತ್ತಿತ್ತು. ಮುಂದಿನ ಕೋಣೆಯಲ್ಲಿ ಲಾಂಡ್ರಿಯ ಯಜಮಾನರು ಅದಕ್ಕಿಂತ ಜೋರಾಗಿ ಗುರುಗುಡುತ್ತ ಒಂದು ಕಪ್ಪು ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಅವರ ಹೆಂಡತಿ ನಗರಸಭೆಯ ಸದಸ್ಯೆ. ಆರಿಸಿ ಬಂದಮೇಲೆ ಆಕೆ ತಾನಾಗಿ ತರುತ್ತಿದ್ದ ಮೊದಲ ನಿರ್ಣಯ ಈ ಹೊಗೆ ತೆರಿಗೆ. ಅದು ಅಂದೇ ಮಧ್ಯಾಹ್ನ ಸಭೆಯ ಮುಂದೆ ಬರುವುದಿತ್ತು. ಊರನ್ನು ಒಪ್ಪಿಸಲು ಹೊರಟವರಿಗೆ ಮನೆಯನ್ನು ಒಪ್ಪಿಸುವುದು ಬಾಕಿ ಉಳಿದಿತ್ತು.

ಹೆಂಡತಿ: ಅಷ್ಟು ಕಷ್ಟ ಆದ್ರೆ ಸೋಲಾರ್ ಹಾಕಿಸಿ. ಬಿಸಿಲಲ್ಲಿ ನೀರು ಕಾಯಿಸೋರಿಗೆ ತೆರಿಗೆನೇ ಇಲ್ಲ.

ಗಂಡ: ಮೋಡ ಮುಚ್ಚಿದ ದಿನ ಗಿರಾಕಿಗೆ ಏನು ಹೇಳ್ಲಿ? ನಿಮ್ಮ ಪ್ಯಾಂಟು ಸೂರ್ಯನ ದಾರಿ ಕಾಯ್ತಾ ಇದೆ, ನೀವೂ ಮನೇಲೇ ಕಾಯ್ತಾ ಇರಿ ಅಂತಲಾ?

ಹೆಂಡತಿ: ಕರೆಂಟಿನ ಹೀಟರೂ ಜೊತೆಗೆ ಬರುತ್ತೆ. ಮೂರು ಸಲ ಹೇಳಿದೀನಿ.

ಗಂಡ: ನೀನು ಹೇಳಿದ್ದು ನನಗೋ, ಸಭೆಗೋ? ಮನೇಲೂ ಭಾಷಣದ ಧ್ವನೀಲೇ ಮಾತಾಡ್ತೀಯ, ನಾನು ಚಪ್ಪಾಳೆ ಹೊಡೆದು ಸುಮ್ನಾಗ್ತೀನಿ.

ಅಷ್ಟರಲ್ಲಿ ಸದಸ್ಯೆಯ ಅಣ್ಣ ಒಳಗೆ ಬಂದರು. ಪಕ್ಕದ ವಾರ್ಡಿನಲ್ಲಿ ಅವರಿಗೆ ಬೇಕರಿ, ನಗರಸಭೆಯಲ್ಲಿ ವಿರೋಧ ಪಕ್ಷದ ನಾಯಕತ್ವ. ಎರಡರಲ್ಲೂ ಕಾವು ಹೆಚ್ಚು. ಇಸ್ತ್ರಿಯಾಗುತ್ತಿದ್ದ ಕೋಟು ಅವರದೇ, ತಂಗಿಯ ನಿರ್ಣಯವನ್ನು ಮಣ್ಣುಪಾಲು ಮಾಡಲು ತೊಟ್ಟು ಹೋಗುವುದಿತ್ತು.

ಅಣ್ಣ: ಏನಮ್ಮ ತಂಗಿ, ಕೊನೆಗೂ ನಮ್ಮ ಒಲೆಗೆ ನೀರು ಸುರಿಯೋಕೇ ಹೊರಟೆಯಾ?

ಹೆಂಡತಿ: ನೀರಲ್ಲ ಅಣ್ಣ, ತೆರಿಗೆ. ಕಟ್ಟಿ ಉರಿಸ್ಕೋಬಹುದು.

ಅಣ್ಣ: ಇವತ್ತು ಎದ್ದು ನಿಂತು ಒಂದೇ ಮಾತು ಕೇಳ್ತೀನಿ. ಹೊಗೆ ಬರ್ತಿದೆ ಅಂದ್ರೆ ಊರಲ್ಲಿ ಕೆಲಸ ನಡೀತಿದೆ ಅಂತ ತಾನೆ? ಹೊಗೆ ನಿಲ್ಲಿಸಿ, ಸೂರ್ಯನ್ನ ನೆಚ್ಚಿಕೊಂಡು ಕೂರೋಕೆ ಸೂರ್ಯನೇನು ನಿಮ್ಮ ಪಕ್ಷದವನಾ?

ಗಂಡ: ಭೇಷ್ ಭಾವ! ಕೋಟಿಗೆ ಇನ್ನೊಂದು ಮಡಿಕೆ ಖಡಕ್ಕಾಗಿ ಕೊಡ್ತೀನಿ ತಡೀರಿ.

ಹೆಂಡತಿ ಸ್ಟೂಲು ಎಳೆದುಕೊಂಡು ಕುಳಿತರು. ಮಾತಿನಲ್ಲಿ ಭಾಷಣದ ಏರು ಇರಲಿಲ್ಲ.

ಹೆಂಡತಿ: ಇಬ್ಬರೂ ಕುಣಿಯೋದು ಸಾಕು. ನಾನೇ ತಿದ್ದುಪಡಿ ಸೇರಿಸಿದೀನಿ. ಎರಡು ಮಹಡಿಗಿಂತ ಎತ್ತರದ ಚಿಮ್ನಿಗೆ ಮಾತ್ರ ತೆರಿಗೆ. ಗಿಡ್ಡ ಚಿಮ್ನಿಗೆ ಇಲ್ಲ.

ಅಣ್ಣ: ಯಾಕೆ? ಗಿಡ್ಡ ಚಿಮ್ನಿ ಹೊಗೆ ಬಿಡಲ್ವಾ?

ಹೆಂಡತಿ: ಬಿಡುತ್ತೆ. ಆದ್ರೆ ನಮ್ಮ ಲಾಂಡ್ರಿ ಚಿಮ್ನಿ ಗಿಡ್ಡ. ಎಷ್ಟಾದ್ರೂ ಇವರು ನನ್ನ ಗಂಡ. ಮೂರು ದಿನ ಊಟ ಸೇರಲಿಲ್ಲ ಅಣ್ಣ. ನನ್ನ ಮೊದಲನೇ ನಿರ್ಣಯ, ಅದರ ರೆಕ್ಕೆ ನಾನೇ ಕತ್ತರಿಸಿದೆ. ನಾಚಿಕೆ ಆಗುತ್ತೆ.

ಅಣ್ಣನ ಮುಖ ಮಾತ್ರ ಒಲೆಯಿಂದ ಆಗತಾನೆ ತೆಗೆದ ಬನ್ನಿನ ಹಾಗೆ ಅರಳಿತು.

ಅಣ್ಣ: ನನ್ನ ಬೇಕರಿ ಚಿಮ್ನಿನೂ ಗಿಡ್ಡ! ಇಟ್ಟಿಗೆ ಗೂಡಿನವರದೂ ಗಿಡ್ಡ! ಈ ಊರಲ್ಲಿ ಎತ್ತರದ ಚಿಮ್ನಿ ಅನ್ನೋದೇ ಇಲ್ವಲ್ಲಮ್ಮ! ಇಂಥ ದೂರದೃಷ್ಟಿಯ ನಿರ್ಣಯಕ್ಕೆ ನಮ್ಮ ಪಕ್ಷದ ಬೆಂಬಲ ಪೂರ್ತಿ. ಮುಂದಿನ ಪೀಳಿಗೆಗೆ ಶುದ್ಧ ಗಾಳಿ ಬಿಟ್ಟು ಹೋಗೋದು ನಮ್ಮೆಲ್ಲರ ಕರ್ತವ್ಯ.

ಹೆಂಡತಿ: ಈಗತಾನೆ ಹೊಗೆ ಅಂದ್ರೆ ಕೆಲಸ ಅಂದೆ?

ಅಣ್ಣ: ಅದು ತೆರಿಗೆ ಇದ್ದಾಗಿನ ಮಾತು.

ಕೋಟು ಸುಟ್ಟ ವಾಸನೆ ಬಂತು. ಗಂಡ ಬೆಚ್ಚಿ ಇಸ್ತ್ರಿ ಪೆಟ್ಟಿಗೆ ಎತ್ತಿದರು. ಪುಣ್ಯಕ್ಕೆ ಸುಟ್ಟದ್ದು ಒಳಗಿನ ಅಸ್ತರು ಮಾತ್ರ.

ಗಂಡ: ಒಂದು ಮಾತು ಹೇಳಬೇಕಿತ್ತು ಕಣೇ. ಕೋಪ ಮಾಡ್ಕೋಬಾರದು.

ಹೆಂಡತಿ: ಹೇಳಿ.

ಗಂಡ: ಹೊರಗೆ ಬಂದು ನೋಡು. ಹೇಳೋದಕ್ಕಿಂತ ಅದೇ ಸುಲಭ.

ಮೂವರೂ ಹಿತ್ತಲಿಗೆ ಹೋಗಿ ತಲೆ ಎತ್ತಿದರು. ಲಾಂಡ್ರಿಯ ಚಿಮ್ನಿ ಸುತ್ತಲಿನ ಎರಡು ಮಹಡಿ ಮನೆಗಳನ್ನೆಲ್ಲ ದಾಟಿ ನಿಂತಿತ್ತು. ಹೊಸ ತಗಡು ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು.

ಅಣ್ಣ: ಅದು ನಿಮ್ಮ ಚಿಮ್ನಿನಾ ಭಾವ? ನಾನು ಮೊಬೈಲ್ ಟವರ್ ಅಂದ್ಕೊಂಡಿದ್ದೆ.

ಹೆಂಡತಿ: ಇದು ಯಾವಾಗ ಬೆಳೀತು?

ಗಂಡ: ಒಂದು ತಿಂಗಳಾಯ್ತು. ನೀನು ದಿನವಿಡೀ ವಾತಾವರಣ, ವಾತಾವರಣ ಅಂತೀಯ, ಸ್ವಂತ ಸೂರಿನ ಮೇಲೆ ಒಂದು ಸಲ ತಲೆ ಎತ್ತಿ ನೋಡಿಲ್ಲ.

ಹೆಂಡತಿ: ಯಾಕೆ ರೀ ಹಿಂಗೆ ಮಾಡಿದ್ರಿ?

ಗಂಡ: ಇನ್ಯಾಕೆ? ಬಟ್ಟೆ ಕೊಡೋಕೆ ಬಂದವರೆಲ್ಲ, ಸದಸ್ಯೆ ಊರಿಗೆಲ್ಲ ಬುದ್ಧಿ ಹೇಳ್ತಾರೆ, ಅವರ ಮನೆ ಹೊಗೆನೇ ನಮ್ಮ ಮೂಗಿಗೆ ಬರುತ್ತೆ ಅಂತ ಆಡ್ಕೋತಿದ್ರು. ನಿನಗೆ ತಲೆ ತಗ್ಗಿಸೋ ಹಾಗಾಗಬಾರದು ಅಂತ ಏರಿಸಿದೆ. ಈಗ ನಮ್ಮ ಬೀದೀಲಿ ಒಂದು ಎಳೆ ಹೊಗೆ ಇಲ್ಲ. ಎಲ್ಲ ಪಕ್ಕದ ವಾರ್ಡಿಗೆ ಹೋಗುತ್ತೆ.

ಅಣ್ಣ: ಪಕ್ಕದ ವಾರ್ಡ್ ನನ್ನದು ಭಾವ!

ಗಂಡ: ಹೌದಲ್ವಾ... ಗಾಳಿ ಯಾವ ಕಡೆಗೆ ಅಂತ ಮಾತ್ರ ನೋಡಿದೆ.

ಅಣ್ಣ: ಒಂದು ತಿಂಗಳಿಂದ ನನ್ನ ಬಿಳಿ ಬ್ರೆಡ್ಡಿನ ಮೇಲೆ ಮಸಿ! ಅದು ದೂರದೇಶದ ಹೊಗೆ, ನಮ್ಮ ವಾರ್ಡಿನ ಮೇಲೆ ಸಂಚು ನಡೀತಿದೆ ಅಂತ ಸಭೇಲಿ ಭಾಷಣ ಬಿಗಿದಿದೀನಿ!

ಹೆಂಡತಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಇವರು ತನಗಾಗಿ ಚಿಮ್ನಿ ಏರಿಸಿದ್ದರು, ತಾನು ಇವರಿಗಾಗಿ ನಿರ್ಣಯ ಇಳಿಸಿದ್ದಳು. ಒಂದು ಮಾತು ಮೊದಲೇ ಆಡಿಕೊಂಡಿದ್ದರೆ ಎರಡೂ ಬೇಕಿರಲಿಲ್ಲ.

ಹೆಂಡತಿ: ಬಿಚ್ಚಿಹಾಕೋಣ ಅಂದ್ರೆ ತೆರಿಗೆ ಪಟ್ಟಿಗೆ ಊರಿನ ಚಿಮ್ನಿಗಳ ಅಳತೆ ಬರೆದುಕೊಂಡು ಆಗಿಹೋಗಿದೆ. ನಗರಸಭೆಯವರು ಇಲ್ಲಿಗೂ ಬಂದಿದ್ರಾ?

ಗಂಡ: ಬಂದಿದ್ರು. ಎತ್ತರಕ್ಕೇನೋ ಬಹುಮಾನ ಇರಬಹುದು ಅಂತ ನಾನು ಇನ್ನೊಂದು ಗೇಣು ಸೇರಿಸಿ ಬರೆಸಿದೆ.

ಅಣ್ಣ: ಅಂದ್ರೆ ಊರಿಗೆಲ್ಲ ತೆರಿಗೆ ಕಟ್ಟೋರು ನೀವೊಬ್ಬರೇ! ಒಳ್ಳೇದೇ ಆಯ್ತು. ಎರಡೂ ಪಕ್ಷ ಕೈ ಎತ್ತುತ್ತೆ, ಸರ್ವಾನುಮತ. ಭೂಮಿ ಉಳಿಸಿದ ಕೀರ್ತಿ ನಮಗೆ, ಖರ್ಚು ನಿಮಗೆ.

ಗಂಡ ಚಿಮ್ನಿಯನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಅವರ ಮುಖದ ಗಂಟು ಸಡಿಲವಾಯಿತು. ಕಸುಬಿನವರಿಗೆ ಇಂಥ ಹೊತ್ತಿನಲ್ಲಿ ಬುದ್ಧಿ ಚುರುಕಾಗುತ್ತದೆ.

ಗಂಡ: ಆಗ್ಲಿ ಬಿಡಿ, ಕಟ್ತೀನಿ. ನಾಳೆಯಿಂದ ಒಗೆಯೋದು, ಇಸ್ತ್ರಿ, ಎಲ್ಲದರ ದರ ಮೇಲಕ್ಕೆ. ಪರಿಸರಕ್ಕೋಸ್ಕರ ಅಂತ ಬೋರ್ಡು ಹಾಕ್ತೀನಿ. ನಗರಸಭೆಯವರ ಕೋಟೆಲ್ಲ ಇಲ್ಲಿಗೇ ಬರೋದು ತಾನೆ?

ಅಣ್ಣ: ಅದು ಹೇಗೆ? ತೆರಿಗೆ ಬಿದ್ದಿದ್ದು ನಿಮ್ಮ ಮೇಲೆ!

ಗಂಡ: ಬೀಳೋದು ನನ್ನ ಮೇಲೆ. ನಾನೇನು ಅದನ್ನ ತಲೆ ಮೇಲೆ ಹೊತ್ಕೊಂಡೇ ಇರ್ಲಾ? ತೆರಿಗೆ ಒಂದು ಪಟ್ಟು, ದರ ಎರಡು ಪಟ್ಟು. ಯಾರೂ ಕೇಳೋ ಹಾಗಿಲ್ಲ. ಕೇಳಿದವರು ಭೂಮಿಗೆ ದ್ರೋಹಿಗಳು.

ಬನ್ನು, ಬ್ರೆಡ್ಡು, ರಸ್ಕು ಎಲ್ಲವೂ ಎರಡು ಪಟ್ಟು ದರದ ಚೀಟಿ ಅಂಟಿಸಿಕೊಂಡು ಅಣ್ಣನ ಕಣ್ಣ ಮುಂದೆ ಸಾಲಾಗಿ ಹಾದು ಹೋದಂತೆ ಕಂಡಿತು.

ಅಣ್ಣ: ಇದು ಅನ್ಯಾಯ! ಇವರಿಗೊಬ್ಬರಿಗೇ ಯಾಕೆ ತೆರಿಗೆ? ನಮ್ಮ ಹೊಗೆ ಏನು ಕಡಿಮೇದಾ? ತಂಗಿ, ಆ ತಿದ್ದುಪಡಿ ವಾಪಸ್ ತಗೋ. ಗಿಡ್ಡ ಚಿಮ್ನಿಗೂ ತೆರಿಗೆ ಬೇಕೇ ಬೇಕು!

ಹೆಂಡತಿ: ಸಭೇಲಿ ಮಾತು ಬದಲಾಯಿಸಿಬಿಡ್ತೀಯ.

ಅಣ್ಣ: ಅಮ್ಮನ ಮೇಲಾಣೆ. ನನ್ನ ಪಕ್ಷದವರೆಲ್ಲ ಕೈ ಎತ್ತುತ್ತಾರೆ. ನೋಡ್ಕೋ, ಈಗಲೇ ಫೋನ್ ಮಾಡಿ ಹೇಳ್ತೀನಿ.

ಹೇಳಿಯೂ ಬಿಟ್ಟರು, ಹಿತ್ತಲಿನಲ್ಲಿ ನಿಂತು, ಇಡೀ ಬೀದಿಗೆ ಕೇಳುವ ಹಾಗೆ. ಹೆಂಡತಿ ಮಾತು ಮುಗಿಯುವವರೆಗೂ ಕಾದು, ಒಳಗೆ ಹೋಗಿ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಎಷ್ಟೋ ದಿನದ ಮೇಲೆ ಅವರ ಮುಖ ಹಗುರವಾಗಿತ್ತು.

ಹೆಂಡತಿ: ಸರಿ ಅಣ್ಣ. ಗಿಡ್ಡದು, ಉದ್ದದು ಅಂತಿಲ್ಲ, ಎಲ್ಲ ಚಿಮ್ನಿಗೂ ತೆರಿಗೆ. ಜೊತೆಗೆ ಒಂದೇ ಒಂದು ಸಾಲು ಸೇರಿಸ್ತೀನಿ. ಈ ತೆರಿಗೆ ನೆಪ ಹೇಳಿ ಯಾರೂ ದರ ಏರಿಸೋ ಹಾಗಿಲ್ಲ. ಏರಿಸಿದ್ರೆ ಅಂಗಡಿಗೆ ಬೀಗ.

ಅಣ್ಣ: ತಂಗೀ! ಅಮ್ಮನ ಮೇಲೆ ಆಣೆ ಇಟ್ಟಿದೀನಿ ಕಣೇ!

ಹೆಂಡತಿ: ಅದಕ್ಕೇ ಧೈರ್ಯವಾಗಿ ಹೋಗ್ತಿದೀನಿ. ಬೇಗ ಬಾ, ಸರ್ವಾನುಮತಕ್ಕೆ ನಿನ್ನ ಕೈಯೂ ಬೇಕು.

ಆಕೆ ಹೊರಟುಹೋದರು. ಭಾವಂದಿರಿಬ್ಬರೂ ಒಳಗೆ ಬಂದು ಬಾಯ್ಲರಿನ ಮುಂದೆ ನಿಂತರು.

ಅಣ್ಣ: ಈಗೇನು ಮಾಡೋದು ಭಾವ?

ಗಂಡ: ಇನ್ನೇನು ಮಾಡೋದು? ಹೊಗೆ ಕಡಿಮೆ ಮಾಡೋದು ಬಿಟ್ರೆ ಬೇರೆ ದಾರೀನೇ ಇಲ್ಲದ ಹಾಗೆ ಮಾಡಿಬಿಟ್ಟಳಲ್ರೀ!