ಆರುನೂರ ಹದಿನಾಲ್ಕು ಬಿರುಕು

ನಮ್ಮ ಪಕ್ಕದ ಮನೆಯ ಚನ್ನಮಲ್ಲಪ್ಪ ಕಾಕಾ ಮೂವತ್ತು ವರ್ಷ ತೈಲ ಹುಡುಕುವ ಕೆಲಸದಲ್ಲಿದ್ದವರು. ನೆಲಕ್ಕೆ ಗುದ್ದಿ, ಮರಳಿ ಬರುವ ಸದ್ದು ಕೇಳಿ, ಒಳಗಿನ ಕಲ್ಲಿನ ಪದರಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವುದು ಅವರ ಕಸುಬು. ನಿವೃತ್ತರಾಗಿ ಗದಗಿಗೆ ಬಂದ ಮೇಲೂ ಅವರ ಕೈ ಸುಮ್ಮನಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಓಣಿಯವರನ್ನೆಲ್ಲ ಅಂಗಳಕ್ಕೆ ಕರೆದರು. ನಡುವೆ ಒನಕೆಯಂಥ ಕಬ್ಬಿಣದ ಗುದ್ದುಗೋಲು, ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪ್.

“ಓಣಿ ಬೋರಿನಾಗ ನೀರು ಕಡಿಮಿ ಆಗೇತಿ. ಹೊಸಾ ಬೋರು ಎಲ್ಲಿ ಹೊಡೀಬೇಕಂತ ಇದು ಹೇಳ್ತೈತಿ,” ಅಂದರು.

ಗುದ್ದುಗೋಲು ಧಡಧಡ ಕುಟ್ಟಿತು. ತೆರೆಯ ಮೇಲೆ ಹಳದಿ, ಹಸಿರು ಪದರಗಳು ಮೂಡಿದವು. ಅವುಗಳ ಮೇಲೆಲ್ಲ ಶಾವಿಗೆ ಚೆಲ್ಲಿದ ಹಾಗೆ ಕೆಂಪು ಗೆರೆಗಳು.

“ಕೆಂಪಂದು ಏನ್ರಿ ಕಾಕಾ?” ನಾನು ಕೇಳಿದೆ.

“ಬಿರುಕು, ಅಂಬವ್ವ. ಆರುನೂರಾ ಹದಿನಾಕು.”

“ಒಂದಕ್ಕರೆ ಹೆಸರಿಟ್ಟೀರೇನು?” ಕಾಕಾನ ಹೆಂಡತಿ ಈರಮ್ಮ ಕಾಕು ಒಳಗಿನಿಂದ ಕೇಳಿದರು. “ನಾ ಜೀರಗಿ ಡಬ್ಬಿಗೂ ಚೀಟಿ ಅಂಟಸ್ತೇನಿ.”

“ಹೆಸರ್ಯಾಕ? ಎಲ್ಲಾ ಕೂಡಿಸಿ ಒಂದ ಮಾಡ್ತೇನಿ, ಚೊಕ್ಕ ಕಾಣ್ತೈತಿ,” ಎಂದು ಕಾಕಾ ಗುಂಡಿ ಒತ್ತಿದರು.

ಅವರು ತಂತಿಯನ್ನು ತಿರುಗಾಮುರುಗಾ ಜೋಡಿಸಿದ್ದರೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ತೆರೆಯ ಮೇಲೆ ಮಾಡಿದ್ದೆಲ್ಲ ನೆಲದಲ್ಲೂ ಆಗತೊಡಗಿತು.

ಮೊದಲು ನಮ್ಮ ಅಡುಗೆಮನೆ ಗೋಡೆಯ ಬಿರುಕು ಮುಚ್ಚಿಕೊಂಡಿತು. ನಾನು ಅದರಲ್ಲಿ ಸಿಕ್ಕಿಸಿಡುತ್ತಿದ್ದ ಊದಿನಕಡ್ಡಿ ಗೋಡೆಯೊಳಗೇ ಉಳಿಯಿತು. ಎದುರುಮನೆ ಅಜ್ಜಿಯ ಒಡೆದ ಹಿಮ್ಮಡಿ ಕೂಸಿನ ಪಾದದಂತಾಯಿತು. ಮಧ್ಯಾಹ್ನ ಊಟಕ್ಕೆ ಕೂತರೆ ಗರಿಗರಿ ಕಟಕ ರೊಟ್ಟಿ ಬಿರುಕೂ ಬಿಡಲಿಲ್ಲ, ಮುರಿಯಲೂ ಇಲ್ಲ. ನನ್ನ ಗಂಡ ಸುತ್ತಿಗೆ ತಂದರು. ಆದರೂ ಓಣಿಗೆಲ್ಲ ಸಂತೋಷ. ಕಾಕಾ ಮೀಸೆ ತಿರುವುತ್ತ ಓಡಾಡಿದರು.

ನಾಲ್ಕು ಗಂಟೆಗೆ ಬೋರು ಕೆಮ್ಮಿತು. ಆಮೇಲೆ ನಿಂತೇ ಹೋಯಿತು.

ಕಾಕಾನ ಮುಖ ಬಿಳಿಚಿಕೊಂಡಿತು. “ನೀರು ಇರೋದ ಕಲ್ಲಿನ ಬಿರುಕಿನಾಗ,” ಎಂದು ಮೆಲ್ಲಗೆ ಹೇಳಿದರು. “ಎಲ್ಲಾ ಮುಚ್ಚಿಬಿಟ್ಟೆ.”

ಇಪ್ಪತ್ತೆರಡು ಮನೆ. ನಗರಸಭೆಯ ನಲ್ಲಿ ನೀರಿನ ಸರದಿ ಬರಲು ಇನ್ನೂ ಹನ್ನೊಂದು ದಿನ. ಓಣಿ ಪೂರ್ತಿ ಕೊಡ ಹಿಡಿದು ಅಂಗಳಕ್ಕೆ ನುಗ್ಗಿತು.

“ಹೆಂಗಿದ್ದವೋ ಹಂಗ ಇಡ್ರಿ,” ನನ್ನ ಗಂಡ ಗದರಿದರು.

“ಯಾವುದು ಎಲ್ಲೀದು ಅಂತ ಹೆಂಗ ಗೊತ್ತಾಗಬೇಕೋ ತಮ್ಮಾ? ಹೆಸರಿಟ್ಟಿಲ್ಲಲ್ಲ.”

ಕಾಕು ಒಳಗಿನಿಂದ ಜೀರಗಿ ಡಬ್ಬಿ ತಂದು, ಚೀಟಿ ಕಾಣುವ ಹಾಗೆ ಕಾಕಾನ ಮುಂದಿಟ್ಟರು.

ತೆರೆಯ ಮೇಲೆ ಒಂದೇ ಒಂದು ದಪ್ಪ ಕೆಂಪು ಗೆರೆ ಮಿನುಗುತ್ತಿತ್ತು. ಕೆಳಗೊಂದು ಪ್ರಶ್ನೆ: ‘ಎಲ್ಲಿಡಲಿ?’

“ಗುಡಿ ಮುಂದ ಇಡ್ರಿ,” ಎಂದರೆ ಪೂಜಾರಿ ಒಪ್ಪಲಿಲ್ಲ. “ಸಾಲಿ ಮೈದಾನದಾಗ,” ಎಂದರೆ ಮಾಸ್ತರು ಅಡ್ಡ ನಿಂತರು. “ಅಂಬವ್ವನ ಹಿತ್ತಲದಾಗ,” ಎಂದವರ ಕಡೆ ನಾನು ಒಮ್ಮೆ ನೋಡಿದೆ, ಅಷ್ಟೇ. ಜಗಳ ಏರುತ್ತಿದ್ದಂತೆ ಯಂತ್ರ ತಾನೇ ಬರೆಯಿತು: ‘ಉತ್ತರ ಬರಲಿಲ್ಲ. ಹತ್ತಿರದ ಜಾಗ ಆರಿಸಿದ್ದೇನೆ.’

ಕಾಕಾನ ಮಲಗುವ ಕೋಣೆಯಲ್ಲಿ ಭಾರಿ ಸದ್ದಾಯಿತು. ಓಡಿಹೋಗಿ ನೋಡಿದರೆ, ಮಂಚದ ಕೆಳಗೆ ನೆಲ ಮೊಳದಗಲ ಬಿರಿದಿತ್ತು. ಇಡೀ ಓಣಿಯ ನೀರು ಅಲ್ಲಿ ಬುಳುಬುಳು ಉಕ್ಕುತ್ತಿತ್ತು. ಕಾಕು ಬಗ್ಗಿ ಒಂದು ಬೊಗಸೆ ಕುಡಿದು ನೋಡಿದರು. ಸಿಹಿನೀರು. ಸೆರಗು ಸಿಕ್ಕಿಸಿಕೊಂಡು ಎದ್ದರು.

“ಮಂಚ ಹೊರಗ ಹಾಕ್ರಿ. ಮನಿಗೆ ಎರಡು ಕೊಡ. ಚಪ್ಪಲಿ ಬಿಟ್ಟು ಸಾಲಿಲೆ ಬರ್ರಿ.”

ಕಾಕಾ ಈಗ ನಮ್ಮ ಪಡಸಾಲೆಯಲ್ಲಿ ಮಲಗುತ್ತಾರೆ. ಬೆಳಿಗ್ಗೆ ಐದಕ್ಕೇ ಎದ್ದು, ಕೊಡ ಹಿಡಿದು ತಮ್ಮ ಮನೆಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಮನೆಯವರೆಂದು ಮುಂದೆ ಬಿಡುವ ಪದ್ಧತಿ ಅಲ್ಲಿಲ್ಲ.